ಗಂಟೆಗೊಮ್ಮೆ ನಿಲ್ಲುವ ಫ್ಯಾನು

೬ ಜನವರಿ

ಗುರುವೇ, ಅಕ್ಕಾ,

ಫೋನಿದ್ದೂ ಕಾಗದ ಬರೆಯುತ್ತಿದ್ದಾನಲ್ಲ ಎಂದು ಹುಬ್ಬೇರಿಸಬೇಡ. ಕಂಪ್ಯೂಟರಿನ ಸಿ ಭಾಷೆಯನ್ನು ನನಗೆ ಕಾಗದದ ಮೇಲೆ ಕಲಿಸಿದವಳು ನೀನು. "ಪೆನ್ನಲ್ಲಿ ಬರೆದ್ರೆ ತಪ್ಪು ಮಾಡೋಕೆ ನಾಚಿಕೆ ಆಗುತ್ತೆ" ಅನ್ನುತ್ತಿದ್ದೆ. ಅಲ್ಲದೆ ಈ ಎರಡು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಆಡಿದ ಪ್ರತಿ ಮಾತೂ ಚಿಕ್ಕಮ್ಮನ ಕಿವಿಗೆ ಬೀಳುತ್ತದೆ, ಮತ್ತು ಈ ಕಾಗದದಲ್ಲಿ ಅವಳ ಮೇಲೆ ಚಾಡಿ ಇದೆ.

ಮೊಟ್ಟೆಗೆ ಕಾವು ಕೊಡುವ ಯಂತ್ರಕ್ಕೆ ನೀನು ಪ್ರೋಗ್ರಾಮು ಬರೆದು ನಾಲ್ಕು ವರ್ಷವಾಯಿತು. ನೀನು ಪಾಠ ಹೇಳಲು ಅಷ್ಟು ದೂರ ಹೋದ ಮೇಲೆ ಅದರ ಯೋಗಕ್ಷೇಮ ನನ್ನದೇ. ಈಗ ಕೋಳಿಮರಿ ಕೇಂದ್ರದ ಯಜಮಾನರಿಗೆ ಹೊಸ ಆಸೆ: "ಬಾಗಿಲು ದಿನಕ್ಕೆ ಎಷ್ಟು ಸಲ ತೆಗೀತಾರೆ ಅಂತ ನನಗೆ ಗೊತ್ತಾಗ್ಬೇಕು." ಅದಕ್ಕೆಂದು ಬೇರೆ ಒಂದು ಫೈಲು ಬರೆದೆ. ಬಾಗಿಲು ತೆರೆದಾಗಲೆಲ್ಲ ಎಣಿಕೆ ಒಂದು ಏರುತ್ತದೆ. ಎಣಿಕೆ ಏರಿತೆಂದರೆ ಬಾಗಿಲು ತೆರೆದಿದೆ ಎಂದರ್ಥ, ಆಗ ಒಳಗಿನ ಬಿಸಿಗಾಳಿ ಹೊರಗೆ ನುಗ್ಗದಂತೆ ಫ್ಯಾನು, ಹೀಟರು ಹತ್ತು ನಿಮಿಷ ನಿಲ್ಲುತ್ತವೆ. ಯಜಮಾನರು ಬೆನ್ನು ತಟ್ಟಿದರು.

ಚಿಕ್ಕಮ್ಮನ ಮುಖ ಮಾತ್ರ ಊದಿಕೊಂಡಿದೆ. ಹತ್ತೊಂಬತ್ತು ವರ್ಷದಿಂದ ಅಲ್ಲಿಯ ಕಾವು ಕೋಣೆ ಅವಳ ರಾಜ್ಯ. "ನಿಮ್ಮಿಬ್ರನ್ನೂ ಅಮ್ಮ ಹೋದ್ಮೇಲೆ ಇದೇ ಕೈಲಿ ಸಾಕಿದ್ದು. ಈಗ ನೀನು ನನ್ನ ಕಾವಲಿಗೆ ಪೆಟ್ಟಿಗೆ ಕೂರಿಸ್ತಿದ್ದೀಯ" ಎಂದು ನಿನ್ನೆಯಿಡೀ ತಟ್ಟೆ ಕುಕ್ಕಿದಳು.

ನಮ್ಮ ಕಚೇರಿಯಲ್ಲಿ ನನಗೆ ಹೊಸ ಕಂಪ್ಯೂಟರ್ ಕೊಟ್ಟರು. ಅದರಲ್ಲಿರುವ ಹೊಸ ಕಂಪೈಲರ್ ಮಹಾ ಮಡಿವಂತ. ಎಲ್ಲ ಫೈಲುಗಳನ್ನು ಸೇರಿಸಿ ಒಂದು ಮಾಡುವ ಹೊತ್ತಿಗೆ ಲಿಂಕರ್ ಒಂದೇ ಹೆಸರು ಎರಡು ಕಡೆ ಇದೆ ಎಂದು ತಗಾದೆ ತೆಗೆಯಿತು. ಹುಡುಕಿ ಒಂದು ಪದ ಸೇರಿಸಿದೆ, ಬಾಯಿ ಮುಚ್ಚಿತು. ಹೊಸ ಫೈಲಿನ ಮೂರು ಹಾಳೆ ಇದರೊಂದಿಗಿದೆ. ನಿನ್ನ ಕೆಂಪು ಪೆನ್ನು ಆಡಿಸಿ ಹೇಳು, ಹದಿನೈದರ ಹೊತ್ತಿಗೆ ಯಂತ್ರಕ್ಕೆ ಹಾಕಬೇಕು.

ನಿನ್ನ ಮೊಂಡ

೧೨ ಜನವರಿ

ಮೊಂಡ,

ಹಾಳೆ ಬಂತು. ನೋಡಿದೆ, ಸರಿಯಿದೆ. ಸಾಲುಗಳನ್ನು ನೇರವಾಗಿ ಜೋಡಿಸಲು ಕೊನೆಗೂ ಕಲಿತಿದ್ದೀಯ. ಕೆಂಪು ಪೆನ್ನಿಗೆ ಕೆಲಸವೇ ಇರಲಿಲ್ಲ.

ಇಲ್ಲಿ ನೂರ ನಲವತ್ತು ಉತ್ತರಪತ್ರಿಕೆ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಬಾಡಿಗೆ ಕೋಣೆಯ ಕಿಟಕಿ ಮುಚ್ಚುವುದಿಲ್ಲ, ಗಾಳಿ ಬಂದರೆ ಒಬ್ಬನ ಅಂಕ ಇನ್ನೊಬ್ಬನಿಗೆ ಹೋಗುತ್ತದೆ. ಚಿಕ್ಕಮ್ಮನಿಗೆ ಹೇಳು, ಯಂತ್ರ ಎಣಿಸುವುದು ಬಾಗಿಲನ್ನು, ಅವಳನ್ನಲ್ಲ ಅಂತ. ಅವಳ ಮೊಣಕಾಲಿಗೆ ಮುಲಾಮು ಕಳಿಸುತ್ತಿದ್ದೇನೆ.

ಅಕ್ಕ

೯ ಫೆಬ್ರವರಿ

ಅಕ್ಕಾ,

ಚಿಕ್ಕಮ್ಮನ ಕೆಲಸ ಹೋಯಿತು. ಫೋನಿನಲ್ಲಿ ಅವಳು ನಿನಗೆ "ಕಾಲು ನೋವು, ಬಿಟ್ಟುಬಿಟ್ಟೆ" ಅಂದಳಲ್ಲ, ಅದು ನಿಜವಲ್ಲ. ತೆಗೆದುಹಾಕಿದರು.

ಎಂಟುನೂರು ಮೊಟ್ಟೆ ಇಟ್ಟಿದ್ದರು. ಇಪ್ಪತ್ತೊಂದು ದಿನ ಮುಗಿದಾಗ ಒಡೆದು ಬಂದದ್ದು ನೂರ ಎಪ್ಪತ್ತು ಮರಿ. ಉಳಿದವು ಒಳಗೇ ಸತ್ತಿದ್ದವು. ಯಜಮಾನರು ನನ್ನನ್ನು ಕರೆಸಿದರು. ಗುಮಾಸ್ತೆ, ಗಾಡಿಯವನು, ಗುಡಿಸುವಾಕೆ ಎಲ್ಲರೂ ಕಾವು ಕೋಣೆಯಲ್ಲಿ ಗೋಡೆಗೆ ಅಂಟಿ ನಿಂತಿದ್ದರು. ಚಿಕ್ಕಮ್ಮ ತನ್ನ ನೀಲಿ ಮೇಲಂಗಿಯಲ್ಲಿ ಯಂತ್ರದ ಪಕ್ಕದಲ್ಲಿದ್ದಳು. "ನೀನೇ ಓದಪ್ಪ" ಎಂದರು ಯಜಮಾನರು. ಬಾಗಿಲಿನ ದಾಖಲೆ ಓದಿದೆ. ಇಪ್ಪತ್ತಾರು, ಇಪ್ಪತ್ತಾರು, ಇಪ್ಪತ್ತೇಳು. ಹದಿನೆಂಟು ದಿನ ಹಾಗೇ. ಕೊನೆಯ ಮೂರು ದಿನ ಮಾತ್ರ ಎರಡು, ಎರಡು, ಮೂರು.

"ಮೊಟ್ಟೆ ಹಾಳಾಗ್ತಿದೆ ಅಂತ ಗೊತ್ತಾದ್ಮೇಲೆ ಹುಷಾರಾಗಿದ್ದಾರೆ" ಎಂದರು ಅವರು. ನಾನು ತಲೆಯಾಡಿಸಿದೆ.

ಚಿಕ್ಕಮ್ಮ ಅವರನ್ನು ನೋಡಲಿಲ್ಲ, ನನ್ನನ್ನೇ ನೋಡಿ ಹೇಳಿದಳು: "ದಿನಕ್ಕೆ ಎರಡು ಸಲ ಕಣಪ್ಪ. ಬೆಳಿಗ್ಗೆ ನೀರಿಡೋಕೆ, ಸಂಜೆ ನೋಡೋಕೆ. ಮೂರಾದ್ರೆ ಹೆಚ್ಚು."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಾಕಿದವಳು ನಾಲ್ಕು ಜನರ ಎದುರು ಹೀಗೆ ಹಸಿ ಸುಳ್ಳು ಹೇಳುವುದೇ. ಒಂದು ಸಲ "ತಪ್ಪಾಯ್ತು" ಅಂದಿದ್ದರೆ ಮುಗಿಯುತ್ತಿತ್ತು. ಮನೆಗೆ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ, "ಆ ಫ್ಯಾನು ಗಂಟೆಗೊಮ್ಮೆ ತಾನೇ ನಿಲ್ತಿತ್ತು. ನಿನಗೆ ಆಗ್ಲೇ ಹೇಳಿದ್ನಲ್ಲೋ" ಅಂದಳು. "ಬಾಗಿಲು ತೆಗೆದ್ರೆ ನಿಲ್ಲುತ್ತೆ ಚಿಕ್ಕಮ್ಮ. ತೆಗೀದೇ ಇದ್ರೆ ನಿಲ್ಲಲ್ಲ" ಅಂದೆ.

ಬೀದಿಯಲ್ಲಿ ಮುಖ ಎತ್ತಿ ನಡೆಯುವುದು ಕಷ್ಟವಾಗಿದೆ. ಅವಳ ಪರವಾಗಿ ನನಗೆ ನಾಚಿಕೆ.

ಮೊಂಡ

೨೧ ಫೆಬ್ರವರಿ

ಮೊಂಡ,

ಕಾಗದವನ್ನು ನಾಲ್ಕು ಸಲ ಓದಿದೆ. ಅವಳನ್ನು ಸುಳ್ಳಿ ಅನ್ನಬೇಡ. ನನಗೆ ಬೇರೆ ಭಯ.

ಅಜ್ಜಿಯ ಕೊನೆಯ ವರ್ಷಗಳು ನಿನಗೆ ನೆನಪಿರಲಿಕ್ಕಿಲ್ಲ, ನೀನು ಚಿಕ್ಕವನು. ಮೊದಮೊದಲು ಅಜ್ಜಿಯೂ ಹೀಗೇ, ಮಾಡಿದ್ದನ್ನು ಮಾಡೇ ಇಲ್ಲ ಎಂದು ಸಾಧಿಸುತ್ತಿದ್ದಳು. ಆಮೇಲೆ ಚಿಕ್ಕಮ್ಮನನ್ನೇ "ನೀನ್ಯಾರಮ್ಮ" ಎಂದು ಕೇಳಿದಳು. ಚಿಕ್ಕಮ್ಮ ಅವತ್ತು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತದ್ದನ್ನು ನಾನು ಕೇಳಿದ್ದೇನೆ. ಮಗಳಿಗೂ ಆ ಮರೆವು ಬಂದಿರಬಹುದಲ್ಲವೇ. ಇಪ್ಪತ್ತಾರು ಸಲ ತೆಗೆದು ಎರಡೇ ಸಲ ಎಂದು ಅವಳು ಮನಸಾರೆ ನಂಬಿರಬಹುದು. ಯಂತ್ರವನ್ನು ನಾವಿಬ್ಬರೂ ಸೇರಿ ಮಾಡಿದ್ದೇವೆ, ಅದಕ್ಕೆ ಅವಳ ಮೇಲೆ ಯಾವ ಹಗೆ?

ನಯವಾಗಿ ಮಾತಾಡು. ವೈದ್ಯರಿಗೆ ತೋರಿಸು.

ಅಕ್ಕ

೧೪ ಮಾರ್ಚ್

ಅಕ್ಕಾ,

ನೀನು ಹೇಳಿದಂತೆ ಮಾಡಿದೆ. ನಯವಾಗಿಯೇ ಮಾತಾಡಿದೆ, ಅಜ್ಜಿಯ ಹೆಸರನ್ನೂ ಎತ್ತಿದೆ. ಅವಳು ಜಗಳವಾಡಬಹುದು ಎಂದುಕೊಂಡಿದ್ದೆ. ಆಡಲಿಲ್ಲ. "ಇರಬಹುದು ಕಣೋ. ನಿನ್ನ ಯಂತ್ರಕ್ಕೇನು ನನ್ನ ಮೇಲೆ ಸಿಟ್ಟಾ" ಅಂದಳು.

ಈಗ ಬಾಗಿಲ ಬಳಿಯ ಗೂಡಿನಲ್ಲಿ ಒಂದು ಬಟ್ಟಲಿದೆ. ಮನೆಬಾಗಿಲು ತೆಗೆದಾಗಲೆಲ್ಲ ಅದಕ್ಕೊಂದು ಅಂಗಿಗುಂಡಿ ಹಾಕುತ್ತಾಳೆ. ಸಂಜೆ ಸುರಿದು ಎಣಿಸಿ, "ಆರು. ನಾನೂ ಆರು ಅಂತಲೇ ಅಂದ್ಕೊಂಡಿದ್ದೆ" ಅನ್ನುತ್ತಾಳೆ. ಹಾಗೆಂದ ಮೇಲೂ ಮುಖ ತಿಳಿಯಾಗುವುದಿಲ್ಲ. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದಾಳೆ. ಹೋದ ಸೋಮವಾರ ತನ್ನ ಪೆಟ್ಟಿಗೆ, ಬೀರು, ಮನೆ ಎಲ್ಲದರ ಏಳು ಕೀಲಿಕೈಗಳ ಗೊಂಚಲನ್ನು ತಂದು ನನ್ನ ಕೈಗಿಟ್ಟಳು. "ನಾನು ಎಲ್ಲಾದ್ರೂ ಇಟ್ಟು ಮರೆತ್ರೆ ಕಷ್ಟ. ನಿನ್ನ ಹತ್ರಾನೇ ಇರ್ಲಿ."

ವೈದ್ಯೆ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಎಲ್ಲಕ್ಕೂ ಸರಿ ಉತ್ತರ. ಆರು ತಿಂಗಳು ಬಿಟ್ಟು ಬನ್ನಿ ಅಂದರು. ಚಿಕ್ಕಮ್ಮ ಹೊರಗೆ ಬಂದು, "ಇವತ್ತೇನೋ ಸರಿಯಾಗಿ ಹೇಳ್ದೆ" ಅಂದಳು.

ಇನ್ನೊಂದು ವಿಷಯ, ಸುಮ್ಮನೆ ಕೇಳುತ್ತಿದ್ದೇನೆ. ಕಚೇರಿಗೆ ಹೊಸದಾಗಿ ಸೇರಿದವಳೊಬ್ಬಳಿಗೆ ಸಂಶಯ: ಸಿಯಲ್ಲಿ ಎರಡು ಫೈಲಿನಲ್ಲಿ, ಫಂಕ್ಷನ್ನುಗಳ ಹೊರಗೆ, ಒಂದೇ ಹೆಸರಿನ ವೇರಿಯಬಲ್ ಇದ್ದರೆ ಏನಾಗುತ್ತದೆ? ನಾನು ಏನೋ ಹೇಳಿದೆ. ನೀನಾದರೆ ಹೇಗೆ ವಿವರಿಸುತ್ತೀಯ?

ಮೊಂಡ

೨೩ ಮಾರ್ಚ್

ಮೊಂಡ,

ನಿನ್ನ ಹೊಸಬಳಿಗೆ ಹೀಗೆ ಹೇಳು. ಹೆಸರಿನ ಮುಂದೆ ಸ್ಟ್ಯಾಟಿಕ್ ಎಂದು ಬರೆದರೆ ಆ ಹೆಸರು ಆ ಫೈಲಿನ ಹೊಸ್ತಿಲು ದಾಟುವುದಿಲ್ಲ. ಬರೆಯದಿದ್ದರೆ ಇಡೀ ಪ್ರೋಗ್ರಾಮಿಗೆ ಕೇಳಿಸುತ್ತದೆ. ಇನ್ನೊಂದು ಫೈಲಿನಲ್ಲಿ ಅದೇ ಹೆಸರಿದ್ದರೆ ಹಳೆಯ ಕಂಪೈಲರುಗಳು, ಇವೆರಡೂ ಒಂದೇ ಇರಬೇಕು ಎಂದುಕೊಂಡು ಎರಡಕ್ಕೂ ಒಂದೇ ಜಾಗ ಕೊಟ್ಟು ತೆಪ್ಪಗಾಗುತ್ತಿದ್ದವು. ಹೊಸವು ಹಾಗಲ್ಲ, ಅಡ್ಡ ನಿಂತು ಕೇಳುತ್ತವೆ. ಹಳೆಯ ಚಾಳಿಗೇ ಮರಳಿಸಲು ಒಂದು ಪದವಿದೆ. ಸೇರಿಸಿದರೆ ಬಾಯಿ ಮುಚ್ಚುತ್ತದೆ.

ಹೊಸಬಳ ಮಾತು ಇಲ್ಲಿಗೆ ಸಾಕು. ನಿನ್ನ ಜನವರಿಯ ಹಾಳೆ ನನ್ನ ಎದುರಿಗಿದೆ. ಮೊದಲ ಹಾಳೆ, ಏಳನೆಯ ಸಾಲು. ಬಾಗಿಲಿನ ಎಣಿಕೆಗೆ ನೀನಿಟ್ಟ ಹೆಸರು ಕೌಂಟ್. ಮುಂದೆ ಸ್ಟ್ಯಾಟಿಕ್ ಇಲ್ಲ. ಮರಿ ಚಿಪ್ಪಿಗೆ ಅಂಟದಿರಲೆಂದು ಮೊಟ್ಟೆಯ ತಟ್ಟೆ ಗಂಟೆಗೊಮ್ಮೆ ವಾಲುತ್ತದಲ್ಲ, ಅದನ್ನು ಎಣಿಸಲು ನಾಲ್ಕು ವರ್ಷದ ಹಿಂದೆ ನನ್ನ ಫೈಲಿನಲ್ಲಿ ನಾನಿಟ್ಟ ಹೆಸರೂ ಕೌಂಟ್. ಅದಕ್ಕೂ ಸ್ಟ್ಯಾಟಿಕ್ ಇಲ್ಲ, ಎರಡು ಎಣಿಕೆಯೂ ಒಂದೇ ಜಾಗಕ್ಕೆ ಬಿದ್ದಿವೆ.

ದಿನಕ್ಕೆ ಇಪ್ಪತ್ತನಾಲ್ಕು ಸಲ ತಟ್ಟೆ ವಾಲುತ್ತದೆ. ಚಿಕ್ಕಮ್ಮ ಎರಡು ಸಲ ಬಾಗಿಲು ತೆಗೆಯುತ್ತಾಳೆ. ಕೂಡಿಸಿ ನೋಡು. ಮರಿ ಒಡೆದು ಬರಲು ಸಿದ್ಧವಾಗುವ ಕೊನೆಯ ಮೂರು ದಿನ ತಟ್ಟೆ ವಾಲಬಾರದು, ಆ ನಿಯಮ ಬರೆದವಳು ನಾನೇ. ಆಗ ಅವಳ ಎರಡು, ಎರಡು, ಮೂರು ಮಾತ್ರ ಉಳಿಯುತ್ತದೆ. ತಟ್ಟೆ ವಾಲಿದಾಗಲೆಲ್ಲ ಎಣಿಕೆ ಏರಿತು, ಬಾಗಿಲು ತೆರೆಯಿತೆಂದು ನಿನ್ನ ಫೈಲು ಅಂದುಕೊಂಡಿತು, ಫ್ಯಾನು ಹೀಟರು ನಿಲ್ಲಿಸಿತು. ಗಂಟೆಗೆ ಹತ್ತು ನಿಮಿಷ ಮೊಟ್ಟೆಗಳು ತಣ್ಣಗಾದವು. ಅವಳು ಬಸ್ಸಿನಲ್ಲಿ ಹೇಳಿದ್ದು ಅಕ್ಷರಶಃ ನಿಜ. ಮೊಟ್ಟೆ ಕೊಂದದ್ದು ನಾವು.

ಇದು ನಿನಗೆ ಈಗಷ್ಟೇ ತಿಳಿಯುತ್ತಿದೆ ಎಂದೇ ನಂಬುತ್ತೇನೆ. ಈ ಕಾಗದ ಮಡಿಸಿಟ್ಟು ಎದ್ದು ಹೋಗಿ ಅವಳಿಗೆ ಹೇಳು.

ಅಕ್ಕ

೨ ಮೇ

ಅಕ್ಕಾ,

ನಲವತ್ತು ದಿನ ಉತ್ತರ ಬರೆಯಲಿಲ್ಲ. ನೀನು ಫೋನು ಮಾಡಿದಾಗಲೆಲ್ಲ ಚಿಕ್ಕಮ್ಮನ ಕೈಗೆ ಕೊಟ್ಟು ಹೊರಗೆ ಹೋದೆ. ನನಗೆ ಮೊದಲೇ ಗೊತ್ತಿತ್ತು.

ಮಾರ್ಚ್ ಮೂರನೇ ತಾರೀಕು ಯಂತ್ರದಿಂದ ಗಂಟೆಗಂಟೆಯ ಉಷ್ಣತೆ ತೆಗೆದು ನೋಡುತ್ತಿದ್ದೆ. ಜನವರಿಯ ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಕಾವು ಇಳಿದಿತ್ತು. ಆ ಭಾನುವಾರ ಮೂರು ಗಂಟೆಗೆ ಚಿಕ್ಕಮ್ಮ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ನನ್ನ ಕೈ ಹಿಸುಕುತ್ತಿದ್ದಳು. ಕಾವು ಕೋಣೆಗೆ ಬೀಗ, ಕೀಲಿ ನನ್ನ ಜೇಬಿನಲ್ಲಿ. ನಾಲ್ಕಕ್ಕೂ ಇಳಿದಿತ್ತು, ಐದಕ್ಕೂ. ಲಿಂಕರ್ ತಗಾದೆ ತೆಗೆದ ಹೆಸರು ಯಾವುದೆಂದು ಆಗ ನೆನಪಾಯಿತು. ಅವತ್ತು ನಾನದನ್ನು ಪೂರ್ತಿ ಓದಿರಲೂ ಇಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ ಅಕ್ಕ, ಅದು ನನ್ನನ್ನು ಮೊದಲೇ ಕೇಳಿತ್ತು. ನಾನೇ ಬಾಯಿ ಮುಚ್ಚಿಸಿದೆ.

ಮಾರನೆಯ ದಿನ ಸರ್ವಿಸ್ ಎಂದು ಹೇಳಿ ಹೋಗಿ ಎರಡೂ ಹೆಸರಿಗೆ ಸ್ಟ್ಯಾಟಿಕ್ ಸೇರಿಸಿದೆ, ಆ ಪದ ಕಿತ್ತುಹಾಕಿದೆ. ಯಾರಿಗೂ ಹೇಳಲಿಲ್ಲ. ಹತ್ತು ದಿನ ಬಿಟ್ಟು ನಿನಗೆ ಆ ಕಾಗದ ಬರೆದೆ. ಹೊಸಬಳು ಯಾರೂ ಇಲ್ಲ. ತಪ್ಪು ನಿನ್ನ ಫೈಲಿನದು ಎಂದು ನೀನೇ ಹೇಳಲಿ ಎಂದು ಕಾದಿದ್ದೆ. ಹಾಗೆ ಹೇಳಿದ್ದರೆ ಚಿಕ್ಕಮ್ಮನ ಬಳಿ ಹೋಗಿ "ಅಕ್ಕನದು ಸಣ್ಣ ತಪ್ಪಾಗಿದೆ" ಅನ್ನುತ್ತಿದ್ದೆ. ಈ ಸಾಲನ್ನು ಮೂರು ಸಲ ಹೊಡೆದು ಬರೆದೆ. ಪೆನ್ನಿನ ಬಗ್ಗೆ ನೀನು ಹೇಳುತ್ತಿದ್ದದ್ದು ನಿಜ.

ಈ ಸಲ ಎಂಟುನೂರರಲ್ಲಿ ಏಳುನೂರ ಹತ್ತು ಮರಿ ಎದ್ದವು. ಚಿಕ್ಕಮ್ಮನ ಜಾಗಕ್ಕೆ ಬಂದವಳನ್ನು ಯಜಮಾನರು ಎಲ್ಲರೆದುರು ಹೊಗಳಿದರು, ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಸುದ್ದಿ ಹೇಳಿದೆ. "ನೋಡಿದ್ಯಾ, ಅವಳು ಸರಿಯಾಗಿ ನೋಡ್ಕೊಂಡಳು" ಅಂದಳು ಚಿಕ್ಕಮ್ಮ.

ಈಗ ಬೀದಿ ತುದಿಗೆ ಹೋದವಳು ವಾಪಸ್ ಬರುತ್ತಾಳೆ. "ಒಲೆ ಆರಿಸಿದ್ದೀನಾ ನೋಡೋ." ಆರಿಸಿರುತ್ತಾಳೆ. ನಾನು ಎದ್ದು ಹೋಗಿ ನೋಡಿ, "ಆರಿಸಿದ್ದೀಯ" ಅನ್ನುತ್ತೇನೆ. ಅಷ್ಟೇ ಅನ್ನುತ್ತೇನೆ. ನಾನೆಂಥ ಮನುಷ್ಯ ಎಂದು ನನಗೇ ಹೇಸಿಗೆಯಾಗುತ್ತದೆ, ಮತ್ತೆ ಚಪ್ಪಲಿ ಮೆಟ್ಟಿ ಕಚೇರಿಗೆ ಹೋಗುತ್ತೇನೆ.

ಮೊಂಡ ಅಂತ ಬರೆಯಲು ಮುಖವಿಲ್ಲ

೧೦ ಮೇ

ತಮ್ಮಾ,

ಹಾಳೆ ಹರಿಯುವಷ್ಟು ಸಿಟ್ಟಿನಲ್ಲಿ ಉತ್ತರ ಶುರುಮಾಡಿದ್ದೆ. ಎರಡು ಸಲ ಬರೆದು ಹರಿದೆ. ನಿನ್ನನ್ನು ಬೈಯುವ ಪ್ರತಿ ಸಾಲಿನ ಕೊನೆಗೂ ನಾನೇ ಬಂದು ನಿಲ್ಲುತ್ತಿದ್ದೆ.

ಜನವರಿಯಲ್ಲಿ "ನೋಡಿದೆ, ಸರಿಯಿದೆ" ಎಂದು ಬರೆದೆನಲ್ಲ, ನಾನು ನೋಡಿರಲಿಲ್ಲ. ಮೂರು ಹಾಳೆ ಮಡಿಸಿದಂತೆಯೇ ಲಕೋಟೆಯೊಳಗಿದ್ದವು. ಸಾಲು ನೇರವಾಗಿದೆ, ಕೆಂಪು ಪೆನ್ನಿಗೆ ಕೆಲಸವಿಲ್ಲ ಅಂತೆಲ್ಲ ಊಹಿಸಿ ಬರೆದೆ. ಉತ್ತರಪತ್ರಿಕೆ ಮುಗಿಯಲಿ ಆಮೇಲೆ ನೋಡೋಣ ಎಂದುಕೊಂಡೆ, ಆಮೇಲೆ ಮರೆತೆ. ಲಕೋಟೆಯಿಂದ ಹಾಳೆ ಹೊರತೆಗೆದದ್ದು ಮಾರ್ಚ್ ಇಪ್ಪತ್ಮೂರಕ್ಕೆ. ಏಳನೆಯ ಸಾಲು ಒಂದೇ ನೋಟಕ್ಕೆ ಕಣ್ಣಿಗೆ ಚುಚ್ಚಿತು. ಜನವರಿ ಹದಿನೈದರ ಒಳಗೆ ತೆಗೆದಿದ್ದರೆ ಮೊಟ್ಟೆಗಳೂ ಉಳಿಯುತ್ತಿದ್ದವು, ಅವಳ ಕೆಲಸವೂ. ಮರೆತವಳು ನಾನು, ಮರೆವಿಗೆಂದು ಅವಳನ್ನು ವೈದ್ಯರ ಬಳಿಗೆ ಕಳಿಸಿದವಳೂ ನಾನು. ಅಜ್ಜಿಯ ಹೆಸರನ್ನು ಎತ್ತಿ ಅವಳ ತಲೆಯೊಳಗೆ ಆ ಭಯ ಕೂರಿಸಿದ್ದು ನನ್ನ ಕಾಗದ.

ಆ ಮಾರ್ಚ್ ಕಾಗದದಲ್ಲೂ ಇದನ್ನು ನುಂಗಿಕೊಂಡು ನಿನಗೆ ಉಪದೇಶ ಮಾಡಿದೆ. ನೀನು ಹೇಳಲಿಲ್ಲವೆಂದು ತಿಳಿದ ಮೇಲೂ ಫೋನಿನಲ್ಲಿ ನಾನೇ ಹೇಳಬಹುದಿತ್ತು. ಅವಳು "ಊಟ ಆಯ್ತಾ" ಎಂದು ಕೇಳುತ್ತಿದ್ದಳು. "ಆಯ್ತು" ಅನ್ನುತ್ತಿದ್ದೆ.

ಜೊತೆಯ ಹಾಳೆ ಅವಳಿಗೆ. ನನ್ನ ಪಾಲಿನದನ್ನು ಅದರಲ್ಲಿ ಬರೆದಿದ್ದೇನೆ. ನೀನು ನಿನ್ನ ಬಾಯಿಯಿಂದ ನಿನ್ನದನ್ನು ಹೇಳು, ಆಮೇಲೆ ಅದನ್ನು ಕೊಡು. ಮೇ ಇಪ್ಪತ್ತರೊಳಗೆ ಹೇಳದಿದ್ದರೆ ಬಸ್ಸು ಹತ್ತಿ ಬರುತ್ತೇನೆ.

ಅಕ್ಕ

೨೪ ಮೇ

ಅಕ್ಕಾ,

ಹೇಳಿದೆ. ಹದಿನೇಳನೇ ತಾರೀಕು ಬೆಳಿಗ್ಗೆ. ಅವಳು ಕಿಟಕಿಯ ಬಳಿ ನನ್ನ ಅಂಗಿಗೆ ತೋಳು ಹೊಲಿಯುತ್ತಿದ್ದಳು. ನಿಂತೇ ಹೇಳಲು ಶುರುಮಾಡಿ ನೆಲದ ಮೇಲೆ ಕೂತೆ. ಕೌಂಟು, ಲಿಂಕರು ಎಂದೆಲ್ಲ ತೊದಲಿದೆ. ಅವಳಿಗೆ ಅದೇನೂ ಬೇಕಿರಲಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿದಳು.

"ಅಂದ್ರೆ ನಾನು ಎರಡೇ ಸಲ ತೆಗೆದಿದ್ದು."

"ಹೌದು."

"ಫ್ಯಾನು ಗಂಟೆಗೊಮ್ಮೆ ನಿಲ್ತಿತ್ತು."

"ಹೌದು ಚಿಕ್ಕಮ್ಮ."

"ನಾನು ನಿನಗೆ ಹೇಳಿದ್ದೆ. ಬಸ್ಸಲ್ಲಲ್ಲ, ಅದಕ್ಕೂ ಮುಂಚೆ, ಜನವರೀಲಿ. ನೀನು ಶೂ ಕಟ್ಕೊಳ್ತಿದ್ದೆ. ಅದು ಹಾಗೇ ಇರ್ಬೇಕು ಬಿಡು ಅಂದೆ. ನೆನಪಿದ್ಯಾ?"

"ಇದೆ."

"ನನಗೂ ಇದೆ" ಅಂದಳು.

ನಿನ್ನ ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಏನೆನ್ನಿಸಿತೆಂದು ನೀನೇ ಬಂದು ಕೇಳಬೇಕು. ಯಾವತ್ತಿಂದ ಗೊತ್ತು ಎಂದು ನನ್ನನ್ನು ಕೇಳಿದಳು. ಮಾರ್ಚ್ ಮೂರು ಅಂದೆ. ಬಟ್ಟಲಿನಲ್ಲಿದ್ದ ಗುಂಡಿಗಳನ್ನು ಹೊಲಿಗೆ ಡಬ್ಬಿಗೆ ಸುರಿದಳು, ಬಟ್ಟಲನ್ನು ತೊಳೆದು ಬೋರಲು ಹಾಕಿದಳು. ಬೈದಿದ್ದರೆ ಕಾಲಾದರೂ ಹಿಡಿಯುತ್ತಿದ್ದೆ.

ಮಾರನೆಯ ದಿನ ನೀಲಿ ಮೇಲಂಗಿ ಇಸ್ತ್ರಿ ಮಾಡಿ ತೊಟ್ಟು ಬಾಗಿಲಲ್ಲಿ ನಿಂತಳು. "ನಡಿ. ಆ ಲೆಕ್ಕ ಎಲ್ಲಿ ಓದಿದ್ಯೋ ಅಲ್ಲೇ ಹೇಳು." ಕಾವು ಕೋಣೆಯಲ್ಲಿ ಅವರನ್ನೆಲ್ಲ ಸೇರಿಸಲು ನಾನೇ ಒಬ್ಬೊಬ್ಬರನ್ನೂ ಕರೆದು ತಂದೆ. ಗುಮಾಸ್ತೆ, ಗಾಡಿಯವನು, ಗುಡಿಸುವಾಕೆ, ಯಜಮಾನರು. ಯಂತ್ರದ ಪಕ್ಕ ನಿಂತು ದಾಖಲೆಯನ್ನು ಮತ್ತೆ ಓದಿದೆ, ಪ್ರತಿ ದಿನದ ಲೆಕ್ಕದಿಂದ ಇಪ್ಪತ್ತನಾಲ್ಕು ಕಳೆದು. ಎರಡು, ಎರಡು, ಮೂರು. ಹದಿನೆಂಟು ದಿನವನ್ನೂ ಓದಿಸಿದಳು. ನಡುವೆ ನಿಲ್ಲಿಸಲು ಹೋದಾಗ "ಇನ್ನೂ ಇದೆ" ಅಂದಳು. ಮಾರ್ಚ್ ಮೂರರಿಂದ ಸುಮ್ಮನಿದ್ದದ್ದನ್ನೂ ಹೇಳಿದೆ. ಯಜಮಾನರು ನನ್ನ ಮುಖ ನೋಡಲಿಲ್ಲ. ಗುಡಿಸುವಾಕೆ ನೋಡಿದಳು, ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟವಾಯಿತು. ಯಂತ್ರದ ಕೆಲಸವನ್ನು ಇನ್ನು ಬೇರೆಯವರಿಗೆ ಕೊಡುತ್ತೇನೆ ಎಂದು ಯಜಮಾನರು ನಮ್ಮ ಕಚೇರಿಗೆ ಬರೆದಿದ್ದಾರೆ. ಸರಿಯಾಗಿಯೇ ಬರೆದಿದ್ದಾರೆ.

ಚಿಕ್ಕಮ್ಮನನ್ನು ಸೋಮವಾರದಿಂದ ಬರಲು ಕೇಳಿಕೊಂಡರು. ಒಪ್ಪಿದಳು, ತನ್ನ ಜಾಗಕ್ಕೆ ಬಂದವಳನ್ನು ತೆಗೆಯಬಾರದು ಎಂಬ ಕರಾರು ಹಾಕಿ. ಈಗ ಇಬ್ಬರೂ ಪಾಳಿಯಲ್ಲಿದ್ದಾರೆ. ಬೀದಿ ತುದಿಯಿಂದ ವಾಪಸ್ ಬಂದು ಒಲೆ ಕೇಳುವುದನ್ನು ಬಿಟ್ಟಿದ್ದಾಳೆ. ನನ್ನ ಜೊತೆ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ. ಆ ಅಂಗಿಗೆ ತೋಳನ್ನೂ ಹೊಲಿದು ಕೊಟ್ಟಳು. ಮುಂಚಿನಂತೆ ತಟ್ಟೆ ಮಾತ್ರ ಕುಕ್ಕುವುದಿಲ್ಲ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕೈ ಚಾಚಿ, "ಕೀಲಿಕೈ ಕೊಡು" ಅಂದಳು. ಗೊಂಚಲನ್ನು ಕೊಟ್ಟೆ. ಸೊಂಟಕ್ಕೆ ಸಿಕ್ಕಿಸುವ ಮೊದಲು ಬಾಗಿಲ ಬೆಳಕಿಗೆ ಹಿಡಿದು ಒಂದೊಂದನ್ನೇ ಬೆರಳಿನಿಂದ ಸರಿಸಿದಳು. ಏಳೂ ಇದ್ದವು. ನಾನು ಕೊಟ್ಟದ್ದನ್ನು ಅವಳು ಎಣಿಸಿ ತೆಗೆದುಕೊಂಡದ್ದು ಇದೇ ಮೊದಲು.

ತಮ್ಮ